ಮೋಟಾರ್ ಹಾಕುವ ಡಬ್ಬಿ: 14 ತಿಂಗಳು ಬಳಸಿದ ಮೇಲೆ

ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದಲ್ಲಿದೆ. ನಾಲೆ ನೀರು ಬಂದರೆ ಬಂತು, ಇಲ್ಲದಿದ್ದರೆ ಬೋರ್‌ವೆಲ್ಲೇ ಗತಿ. ಅದರಲ್ಲಿ ಏಳೂವರೆ ಎಚ್‌ಪಿ ಮೋಟಾರ್ ಇಳಿಸಿದ್ದೇವೆ. ಆ ನೀರಿನಲ್ಲಿ ಒಂದು ಎಕರೆ ಕಬ್ಬು, 20 ಗುಂಟೆ ಹಿಪ್ಪುನೇರಳೆ. ಕಬ್ಬಿಗೆ ಸಾಲಿನಲ್ಲಿ ಹಾಯಿಸುತ್ತೇವೆ, ಹಿಪ್ಪುನೇರಳೆಗೆ ಡ್ರಿಪ್ ಇದೆ. ಮನೆಯವರು ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಾರೆ, ಭಾನುವಾರ ಬಂದು ಹೋಗುತ್ತಾರೆ. ಊರಲ್ಲಿ ನಾನು, ಅತ್ತೆ, ಪಿಯುಸಿ ಓದುವ ಮಗ. ನಾನು ಹಾಲಿನ ಡೇರಿಯಲ್ಲಿ ಕೆಲಸ ಮಾಡುತ್ತೇನೆ. ಬೆಳಗ್ಗೆ, ಸಂಜೆ ಹಾಲು ಅಳೆದು, ಫ್ಯಾಟ್ ನೋಡಿ, ಪುಸ್ತಕಕ್ಕೆ ಬರೆಯುವುದು ನನ್ನ ಪಾಲಿನದು.

ಹೋದ ವರ್ಷ ಶಿವರಾತ್ರಿಗೆ ಒಂದು ವಾರ ಮುಂಚೆ ಮೊಬೈಲ್ ಸ್ಟಾರ್ಟರ್ ಹಾಕಿಸಿದೆ. ಟಿಫಿನ್ ಬಾಕ್ಸ್ ಗಾತ್ರದ ಡಬ್ಬಿ. ಪ್ಯಾನಲ್ ಬೋರ್ಡ್ ಪಕ್ಕದಲ್ಲಿ ಕೂರುತ್ತದೆ, ಒಳಗೆ ಒಂದು ಸಿಮ್. ಫೋನ್ ಮಾಡಿದರೆ ಮೋಟಾರ್ ಆನ್ ಆಗುತ್ತದೆ, ಮತ್ತೆ ಮಾಡಿದರೆ ಆಫ್. ಡಬ್ಬಿಗೆ 9,200 ರೂಪಾಯಿ, ಕೂರಿಸಿದ ಎಲೆಕ್ಟ್ರಿಷಿಯನ್‌ಗೆ 1,200. ಕಂಪನಿ ಹೆಸರು ಬರೆಯುವುದಿಲ್ಲ. ಪುಣೆಯ ನ್ಯಾನೋ ಗಣೇಶ್, ಬೆಂಗಳೂರಿನ ಕಿಸಾನ್ ರಾಜಾ ಈ ಬಗೆಯಲ್ಲಿ ಹಳೇ ಹೆಸರುಗಳು. ನನ್ನದು ಅವೆರಡೂ ಅಲ್ಲ. ಈಗ ಮಾರ್ಕೆಟ್‌ನಲ್ಲಿ ಇಂಥವು ತುಂಬಾ ಇವೆ, ಕೆಲಸ ಹೆಚ್ಚುಕಮ್ಮಿ ಒಂದೇ. ಯಾವುದು ತಗೊಂಡರೂ ನನ್ನ ಅನುಭವ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ.

ತಗೊಂಡದ್ದು ಭಯಕ್ಕೆ. ನಮ್ಮ ಕಡೆ ಮೋಟಾರ್ ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ಒಂದು ವಾರ ಹಗಲು ಕೊಟ್ಟರೆ ಒಂದು ವಾರ ರಾತ್ರಿ. ರಾತ್ರಿ ಪಾಳಿಯಲ್ಲಿ 11 ಗಂಟೆಗೋ 1 ಗಂಟೆಗೋ ಟಾರ್ಚ್ ಹಿಡಿದು ಕಬ್ಬಿನ ಬದುವಿನ ಮೇಲೆ ಅರ್ಧ ಕಿಲೋಮೀಟರ್ ನಡೆಯಬೇಕು. ಕಬ್ಬಿನಲ್ಲಿ ಚಿರತೆ ಮರಿ ಹಾಕುವುದು ಮಂಡ್ಯ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ರಾತ್ರಿ ಮೋಟಾರ್ ಮನೆಯ ಮೆಟ್ಟಿಲ ಮೇಲೆ ಕೊಳಕುಮಂಡಲ ಸುರುಳಿ ಸುತ್ತಿಕೊಂಡು ಮಲಗಿತ್ತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತುಳಿದೇ ಬಿಡುತ್ತಿದ್ದೆ. ಅವತ್ತು ನೀರು ಹಾಯಿಸದೆ ವಾಪಸ್ ಬಂದೆ. ಮಾರನೇ ದಿನ ಅತ್ತೆ ಅವರಾಗಿಯೇ ಹೇಳಿದರು: "ದುಡ್ಡು ಹೋದ್ರೆ ಹೋಗ್ಲಿ ಕಣವ್ವ, ಅದೇನೋ ಫೋನಲ್ಲಿ ಹಾಕೋದು ಬಂದದಂತಲ್ಲ, ಅದ ತಗೊ."

ಆ ಭಯ ಡಬ್ಬಿ ಬಂದ ಮೇಲೆ ಹೋಯಿತು. ಇದೊಂದೇ ಕಾರಣಕ್ಕೆ ಯಾರು ಕೇಳಿದರೂ ತಗೊಳ್ಳಿ ಎನ್ನುತ್ತೇನೆ. ಅದರಲ್ಲೂ ಹೆಣ್ಣುಮಕ್ಕಳೇ ಹೊಲ ನೋಡಿಕೊಳ್ಳುವ ಮನೆಗಳಲ್ಲಿ ಎರಡು ಸಲ ಯೋಚಿಸಬೇಡಿ. ಅತ್ತೆಯ ಹತ್ತಿರ ಇರುವುದು ಗುಂಡಿ ಒತ್ತುವ ಹಳೇ ಫೋನ್. ಅದರಲ್ಲೇ ಕರೆ ಮಾಡುತ್ತಾರೆ. ಆ ಕಡೆಯಿಂದ ಕನ್ನಡದಲ್ಲೇ "ಮೋಟಾರ್ ಚಾಲನೆಯಲ್ಲಿದೆ" ಎಂದು ಕೇಳಿಸುತ್ತದೆ. ಆ ಮಾತು ಕೇಳಿದ ಮೇಲೆಯೇ ಅವರು ಫೋನ್ ಇಡುವುದು.

ಶುರುವಿನಲ್ಲಿ ಎರಡು ದಿನ ಮಾತ್ರ ಒದ್ದಾಡಿದೆವು. ಮನೆಯಲ್ಲಿದ್ದ ಜಿಯೋ ಸಿಮ್ ಹಾಕಿದ್ದೆವು, ಡಬ್ಬಿ ಮಾತೇ ಆಡಲಿಲ್ಲ. ಎಲೆಕ್ಟ್ರಿಷಿಯನ್ ತಂತಿ ಬಿಚ್ಚಿ ಮತ್ತೆ ಕಟ್ಟಿದ. ಕೊನೆಗೆ ಗೊತ್ತಾಯಿತು, ಈ ಡಬ್ಬಿ 2ಜಿಯದು. ಜಿಯೋದಲ್ಲಿ 2ಜಿಯೇ ಇಲ್ಲ, ಇರುವುದೆಲ್ಲ 4ಜಿ ಮತ್ತು ಅದರ ಮೇಲಿನದು. ಏರ್‌ಟೆಲ್ ಸಿಮ್ ಹಾಕಿದ ಮೇಲೆ ನಡೆಯಿತು. ಅಂಗಡಿಯವರು ಇದನ್ನು ಮೊದಲೇ ಹೇಳಬೇಕಿತ್ತು. ನೀವು ಕೊಳ್ಳುವಾಗ 2ಜಿಯೋ 4ಜಿಯೋ ಎಂದು ಕೇಳಿ, ಸಾಧ್ಯವಾದರೆ 4ಜಿಯದ್ದೇ ತಗೊಳ್ಳಿ. ಸಿಮ್ ರೀಚಾರ್ಜ್ ತಿಂಗಳಿಗೆ 200 ರೂಪಾಯಿ ಹತ್ತಿರ ಆಗುತ್ತದೆ. ಒಂದು ದಿನ ಮರೆತರೂ ಡಬ್ಬಿಗೆ ನಮ್ಮ ಮಾತು ಕೇಳಿಸುವುದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕು ಎಂದುಕೊಂಡ ವಿಷಯಕ್ಕೆ ಬರುತ್ತೇನೆ.

ಮಾರುವವರು ಹೇಳುವುದು ಒಂದೇ ಮಾತು: ಕೂತಲ್ಲೇ ಮೋಟಾರ್ ಹಾಕಬಹುದು. ಹಾಕುವುದು ಹಗುರವಾದಾಗ ಏನಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಕತ್ತಲಲ್ಲಿ ನಡೆದು ಹೋಗಬೇಕಿದ್ದಾಗ ಬೇಕಾದಷ್ಟೇ ಹಾಕುತ್ತಿದ್ದೆವು. ಈಗ ಮಲಗಿದ್ದಲ್ಲೇ ಹಾಕಬಹುದಲ್ವಾ, ಜಾಸ್ತಿ ಹಾಕತೊಡಗಿದೆವು. ಮೇಲಾಗಿ ಆಟೋ ಅಂತ ಒಂದು ಗುಂಡಿ ಇದೆ. ಅದರಲ್ಲಿ ಬಿಟ್ಟರೆ ತ್ರೀ ಫೇಸ್ ಬಂದ ಕೂಡಲೇ ಮೋಟಾರ್ ತಾನೇ ಓಡುತ್ತದೆ, ಕರೆಂಟ್ ಹೋಗುವ ತನಕ ನಿಲ್ಲುವುದಿಲ್ಲ. ಪಂಪ್‌ಸೆಟ್‌ಗೆ 10 ಎಚ್‌ಪಿವರೆಗೆ ಕರೆಂಟ್ ಉಚಿತ. ಎಷ್ಟು ಹೊತ್ತು ಓಡಿದರೂ ಬಿಲ್ಲು ಬಂದು ಎಚ್ಚರಿಸುವುದಿಲ್ಲ.

ಮಾರ್ಚ್‌ನಲ್ಲಿ ಒಂದು ರಾತ್ರಿ ಆಟೋದಲ್ಲಿ ಬಿಟ್ಟು ಮಲಗಿದೆ. ಬೆಳಗ್ಗೆ ಡೇರಿಗೆ ಹೋಗುವ ದಾರಿಯಲ್ಲಿ ಕಾಲಿಗೆ ನೀರು ತಾಗಿತು. ಕಬ್ಬಿನ ಕೆಳಗಿನ ಸಾಲು ತುಂಬಿ, ಬದು ಒಡೆದು, ಬಂಡಿ ಜಾಡಿನಲ್ಲಿ ಹರಿದು, ಪಕ್ಕದ ಹೊಲದ ಅಣ್ಣನ ಹುಲ್ಲಿನ ಮೆದೆಯ ಬುಡ ನೆನೆಸಿತ್ತು. ಅವರು ಬೈಯಲಿಲ್ಲ. "ನೀರು ಜಾಸ್ತಿ ಆಗದೆ ಅಂತ ಕಾಣ್ತದೆ ನಿಮಗೆ" ಅಂದರು, ಅಷ್ಟೇ. ಅವರ ಬೋರ್‌ವೆಲ್ ಆಗಲೇ ಬತ್ತಿತ್ತು. ಆ ಮಾತು ಇಡೀ ದಿನ ನನ್ನ ಕಿವಿಯಲ್ಲೇ ಇತ್ತು.

ಅವತ್ತು ಸಂಜೆ ಡೇರಿ ಮುಗಿಸಿ ಮಗನ ಜೊತೆ 200 ಲೀಟರ್ ಡ್ರಮ್ ಹೊತ್ತುಕೊಂಡು ಹೋದೆ. ಪೈಪಿನ ಬಾಯಿಗೆ ಡ್ರಮ್ ಇಟ್ಟು ಅವನು ಫೋನಿನಲ್ಲಿ ಟೈಮ್ ನೋಡಿದ. 75 ಸೆಕೆಂಡಿಗೆ ತುಂಬಿತು. ಮೂರು ಸಲ ನೋಡಿದೆವು, ಒಂದೆರಡು ಸೆಕೆಂಡ್ ಆಚೀಚೆ ಅಷ್ಟೇ. ಅಂದರೆ ನಿಮಿಷಕ್ಕೆ 160 ಲೀಟರ್, ಗಂಟೆಗೆ 9,600. ಹಿಂದಿನ ರಾತ್ರಿ ಮೋಟಾರ್ ಓಡಿದ್ದು ಆರು ಗಂಟೆ. 57,600 ಲೀಟರ್ ಆಯಿತು. ಈ ಸಂಖ್ಯೆ ಸುಮ್ನೆ ಓದಿದರೆ ಏನೂ ಅನ್ನಿಸುವುದಿಲ್ಲ. ನಾನು ಡೇರಿಯವಳು, ಕ್ಯಾನ್ ಲೆಕ್ಕ ಹಾಕಿದೆ. ನಮ್ಮ ಕ್ಯಾನ್ 40 ಲೀಟರಿನದು. 1,440 ಕ್ಯಾನ್! ನಮ್ಮ ಡೇರಿಗೆ ದಿನಕ್ಕೆ 12 ಕ್ಯಾನ್ ಹಾಲು ಬರುತ್ತದೆ. ಇಡೀ ಊರಿನ ಹಸು ಎಮ್ಮೆಗಳೆಲ್ಲ 120 ದಿನ ಕರೆದರೆ ಆಗುವಷ್ಟು ನೀರನ್ನು ಒಂದೇ ರಾತ್ರಿ ಎತ್ತಿದ್ದೆ. ಅದರಲ್ಲಿ ಕಬ್ಬಿನ ಬೇರಿಗೆ ಸಿಕ್ಕಿದ್ದೆಷ್ಟೋ, ಬಂಡಿ ಜಾಡಿಗೆ ಹೋದದ್ದೆಷ್ಟೋ.

ಅರ್ಧ ಲೀಟರ್ ಹಾಲು ಕಮ್ಮಿ ಬರೆದರೆ ಜನ ಡೇರಿ ಬಾಗಿಲಲ್ಲಿ ನಿಂತು ಕೇಳುತ್ತಾರೆ, ಕೇಳಬೇಕಾದದ್ದೇ. ಅದೇ ನಾವು ನೀರನ್ನು ಒಂದು ದಿನವೂ ಅಳೆದಿರಲಿಲ್ಲ. ನಮ್ಮ ಜಿಲ್ಲೆಯವರು ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಮಟ್ಟವನ್ನು ಬೆಳಗ್ಗೆ ಎದ್ದ ತಕ್ಷಣ ನೋಡುತ್ತಾರೆ. 124.80 ಅಡಿ ಆದರೆ ಭರ್ತಿ, ಭರ್ತಿಯಾದರೆ 49.45 ಟಿಎಂಸಿ ಎಂದು ನಮ್ಮ ಅತ್ತೆಗೂ ಬಾಯಿಪಾಠ. 2023ರಲ್ಲಿ ಮಳೆ ಕೈಕೊಟ್ಟು, ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಆದಾಗ ಊರಿಗೆ ಊರೇ ಅಡಿ ಇಂಚು ಲೆಕ್ಕ ಹಾಕುತ್ತಿತ್ತು. ಅದರ ಮುಂದಿನ ಬೇಸಿಗೆಯಲ್ಲೇ ನಮ್ಮ ಬೋರ್‌ವೆಲ್‌ನಲ್ಲಿ ನೀರು ಇಳಿದದ್ದು ಗೊತ್ತಾಗದೆ ಮೋಟಾರ್ ಒಣಗಿ ಓಡಿ ಸುಟ್ಟಿತು. ಪೈಪ್ ಎತ್ತಿಸಿ, ಕಾಯಿಲ್ ಕಟ್ಟಿಸಿ, ಮತ್ತೆ ಇಳಿಸುವ ಹೊತ್ತಿಗೆ 14,500 ರೂಪಾಯಿ. ಹೊಲದಿಂದ ದೂರ ಇರುವ ಕಟ್ಟೆಯ ನೀರು ಗೊತ್ತಿತ್ತು, ನಮ್ಮ ಕಾಲ ಕೆಳಗಿನದು ಗೊತ್ತಿರಲಿಲ್ಲ.

ಅದು ಗೊತ್ತಾದದ್ದು ಈ ಡಬ್ಬಿಯಿಂದ. ಅದೂ ಮಾರುವವರು ಬಾಯಿ ಬಿಡದ ಒಂದು ಸೌಲಭ್ಯದಿಂದ. ಅದಕ್ಕೆ ಡ್ರೈ ರನ್ ಎನ್ನುತ್ತಾರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೋಟಾರ್ ನೀರು ಎತ್ತುವಾಗ ಇಷ್ಟು ಆಂಪ್ಸ್, ಅಂದರೆ ಇಷ್ಟು ಕರೆಂಟ್, ಎಳೆಯುತ್ತದೆ ಎಂದು ಪ್ಯಾನಲ್‌ನ ಮುಳ್ಳು ತೋರಿಸುತ್ತದೆ. ನಮ್ಮದು ಹನ್ನೊಂದೂವರೆ. ನೀರು ಮುಗಿದು ಗಾಳಿ ಎಳೆಯತೊಡಗಿದರೆ ಭಾರ ಇರುವುದಿಲ್ಲ, ಹಾಗಾಗಿ ಆಂಪ್ಸ್ ಇಳಿಯುತ್ತದೆ. ಸಬ್‌ಮರ್ಸಿಬಲ್ ಮೋಟಾರನ್ನು ತಣ್ಣಗಿಡುವುದೇ ಸುತ್ತ ಹರಿಯುವ ನೀರು. ನೀರಿಲ್ಲದೆ ಓಡಿದರೆ ಕಾಯಿಲ್ ಸುಡುತ್ತದೆ. ಡಬ್ಬಿ ಆ ಆಂಪ್ಸ್ ನೋಡುತ್ತಿರುತ್ತದೆ. ನಾವು ಇಟ್ಟ ಗೆರೆಗಿಂತ ಕೆಳಗೆ ಇಳಿದರೆ ಮೋಟಾರ್ ನಿಲ್ಲಿಸಿ ಫೋನ್ ಮಾಡುತ್ತದೆ.

ಗೆರೆ ಎಲ್ಲಿ ಇಡಬೇಕು ಎನ್ನುವುದೇ ಇಲ್ಲಿ ಮುಖ್ಯ. ನಮ್ಮದನ್ನು ಕೂರಿಸಿದವರು ಫ್ಯಾಕ್ಟರಿಯಿಂದ ಬಂದ 5 ಆಂಪ್ಸ್ ಹಾಗೇ ಬಿಟ್ಟಿದ್ದರು. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಹಿಪ್ಪುನೇರಳೆ ಹತ್ತಿರವೇ ಇದ್ದೆ. ಪೈಪು ನೀರು ಬಿಟ್ಟು ಬಿಟ್ಟು ಉಗುಳುತ್ತಿತ್ತು, ಮಧ್ಯೆ ಬರೀ ಗಾಳಿ ಬುಸ್ ಎನ್ನುತ್ತಿತ್ತು. ಓಡಿ ಹೋಗಿ ಪ್ಯಾನಲ್ ನೋಡಿದರೆ ಮುಳ್ಳು 7ರಲ್ಲಿ ನಡುಗುತ್ತಿತ್ತು. 5ಕ್ಕೆ ಇಳಿಯುವುದೇ ಇಲ್ಲ, ಡಬ್ಬಿ ಹೇಗೆ ನಿಲ್ಲಿಸಬೇಕು? ಕೈಯಲ್ಲೇ ಆಫ್ ಮಾಡಿದೆ. ಸಂಜೆ ಎಲೆಕ್ಟ್ರಿಷಿಯನ್ ಬಂದ. ಇಬ್ಬರೂ ನಿಂತು ನೀರು ತುಂಬ ಬರುವಾಗ ಎಷ್ಟು, ಉಗುಳುವಾಗ ಎಷ್ಟು ಎಂದು ನೋಡಿ ಗೆರೆಯನ್ನು 9ಕ್ಕೆ ಇಟ್ಟೆವು. ನಿಂತ ಮೇಲೆ 90 ನಿಮಿಷ ಬಿಟ್ಟು ತಾನೇ ಮತ್ತೆ ಹಾಕುವಂತೆ ಟೈಮರ್ ಕೊಟ್ಟೆವು. ಮೋಟಾರ್ ಮೋಟಾರ್‌ಗೂ ಈ ಅಳತೆ ಬೇರೆ. ನಮ್ಮ 9 ನಿಮಗೆ ಆಗುವುದಿಲ್ಲ. ಕೂರಿಸುವವರು ಹೊರಡುವ ಮುಂಚೆ ನಿಮ್ಮ ಮುಂದೆಯೇ ನೋಡಿ ಇಡಿಸಿಕೊಳ್ಳಿ. ಈ ಬರಹದಲ್ಲಿ ಬೇರೆಲ್ಲ ಮರೆತರೂ ಇದೊಂದು ಮರೆಯಬೇಡಿ.

ಅಲ್ಲಿಂದ ಮುಂದೆ ಡಬ್ಬಿಯ ಒಂದೊಂದು ಕರೆಯನ್ನೂ ಬರೆಯತೊಡಗಿದೆ. ಡೇರಿಯ ಹಳೇ ಪುಸ್ತಕದ ಖಾಲಿ ಹಾಳೆಗಳು. ಎಷ್ಟು ಹೊತ್ತಿಗೆ ಹಾಕಿತು, ಎಷ್ಟು ಹೊತ್ತಿಗೆ ನಿಂತಿತು. ಏಪ್ರಿಲ್ ಕೊನೆಯಲ್ಲಿ ಬೋರ್‌ವೆಲ್ ಒಂದೇ ಸಮ 2 ಗಂಟೆ 10 ನಿಮಿಷ ಕೊಡುತ್ತಿತ್ತು. ಮೇ ಎರಡನೇ ವಾರಕ್ಕೆ 1 ಗಂಟೆ 40 ನಿಮಿಷಕ್ಕೆ ಇಳಿಯಿತು. ಮಳೆ ಹಿಡಿದ ಮೇಲೆ, ನಾಲೆಗೆ ನೀರು ಬಿಟ್ಟ ಮೇಲೆ, ನಿಧಾನವಾಗಿ ಏರಿತು. ದಸರಾ ಹೊತ್ತಿಗೆ ಏಳು ಗಂಟೆ ಓಡಿದರೂ ನಿಲ್ಲುತ್ತಿರಲಿಲ್ಲ. ನಮ್ಮ ಬೋರ್‌ವೆಲ್ ಕೊರೆಸಿ 11 ವರ್ಷ. ಅದರ ಶಕ್ತಿ ಎಷ್ಟು, ಎಷ್ಟು ಹೊತ್ತು ಸುಧಾರಿಸಿಕೊಳ್ಳಬೇಕು ಎಂದು ಗೊತ್ತಾದದ್ದು ಹೋದ ವರ್ಷ. ಆ ಪುಸ್ತಕ ನೋಡಿಯೇ ಈ ವರ್ಷ ಇನ್ನೊಂದು ಅರ್ಧ ಎಕರೆಗೆ ಕಬ್ಬು ಹಾಕೋಣ ಎಂದಾಗ ನಾನು ಬೇಡ ಅಂದೆ. ಮನೆಯವರು ಸಂಖ್ಯೆ ನೋಡಿ ಒಪ್ಪಿದರು.

ಬೇಸರದ ವಿಷಯಗಳೂ ಇವೆ.

ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಹೊಡೆದು ಡಬ್ಬಿಯೊಳಗಿನ ಬೋರ್ಡ್ ಸುಟ್ಟಿತು. ಕಂಪನಿಗೆ ಫೋನ್ ಮಾಡಿದರೆ ಆ ಕಡೆ ಕನ್ನಡ ಬರುವವರು ಒಬ್ಬರೂ ಸಿಗಲಿಲ್ಲ. ಮಗನ ಕೈಲಿ ಮಾತಾಡಿಸಿದೆ. ಡಬ್ಬಿ ಬಿಚ್ಚಿ ಕೊರಿಯರ್ ಮಾಡಿ ಎಂದರು. ವಾಪಸ್ ಬಂದದ್ದು 17 ದಿನಕ್ಕೆ. ಸಿಡಿಲಿಗೆ ಗ್ಯಾರಂಟಿ ಇಲ್ಲ ಎಂದು 2,100 ರೂಪಾಯಿ ತಗೊಂಡರು. ಕನ್ನಡ ನಾಡಿನ ರೈತರಿಗೆ ಮಾರುವವರು ಕನ್ನಡದಲ್ಲಿ ಉತ್ತರ ಕೊಡಬೇಕಲ್ವಾ? ಡಬ್ಬಿ ಕನ್ನಡ ಮಾತಾಡುತ್ತದೆ, ಕಂಪನಿ ಮಾತಾಡುವುದಿಲ್ಲ. ಆಪ್ ಕೂಡ ಪೂರ್ತಿ ಇಂಗ್ಲಿಷ್. ಆ 17 ದಿನ ಬೆಳೆ ಉಳಿದದ್ದು ನಮ್ಮ ಎಲೆಕ್ಟ್ರಿಷಿಯನ್ ಮುಂದಾಲೋಚನೆಯಿಂದ. ಕೂರಿಸುವಾಗಲೇ ಅವನು "ಇರ್ಲಿ ಅಕ್ಕ" ಎಂದು ಒಂದು ಬೈಪಾಸ್ ಸ್ವಿಚ್ ಹಾಕಿದ್ದ. ಅದನ್ನು ತಿರುಗಿಸಿದರೆ ಡಬ್ಬಿಯ ಹಂಗಿಲ್ಲದೆ ಹಳೇ ಸ್ಟಾರ್ಟರ್‌ನಲ್ಲೇ ಮೋಟಾರ್ ಓಡುತ್ತದೆ. ಆಮೇಲೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಅರ್ಥಿಂಗ್ ಹೊಸದಾಗಿ ಮಾಡಿಸಿದೆವು. ಗುಡುಗು ಶುರುವಾದರೆ ಮೇನ್ ಇಳಿಸಿ ಬರುತ್ತೇನೆ.

ಇನ್ನೊಂದು, ಡಬ್ಬಿ ಮೋಟಾರ್ ಹಾಕುತ್ತದೆ, ಸಾಲು ತಿರುಗಿಸುವುದಿಲ್ಲ. ಡ್ರಿಪ್ ಇರುವ ಹಿಪ್ಪುನೇರಳೆಗೆ ಇದರಿಂದ ಪೂರ್ತಿ ಅನುಕೂಲ. ಹಾಯಿಸುವ ಕಬ್ಬಿಗೆ ಸನಿಕೆ ಹಿಡಿದು ನಾವೇ ಹೋಗಬೇಕು. ಹಾಗಾಗಿ ಕಬ್ಬಿಗೆ ಈಗ ಹಗಲು ಪಾಳಿಯಲ್ಲಿ ಮಾತ್ರ, ರಾತ್ರಿ ಪಾಳಿ ಪೂರ್ತಿ ಡ್ರಿಪ್‌ಗೆ. ಎರಡು ಗಂಟೆ ಓಡಿ ನಿಲ್ಲುವಂತೆ ಟೈಮರ್ ಇಟ್ಟು ಮಲಗುತ್ತೇನೆ. ಆಟೋ ಗುಂಡಿ ಮುಟ್ಟಿ ವರ್ಷ ಆಯಿತು.

ಯಾವಾಗ ನೀರು ಕೊಡಬೇಕು ಎಂದು ಈ ಡಬ್ಬಿಗೆ ಗೊತ್ತಿಲ್ಲ. ಅದಕ್ಕೆ ಬೇರೆ ಸಾಮಾನು ಇದೆ. ಈಗ ಡೇರಿ ಬಾಗಿಲಿಗೇ ಬಂದು ಮಾರುತ್ತಾರೆ: ಮಣ್ಣಲ್ಲಿ ಹೂಳುವ ಸೆನ್ಸರ್, ಕಂಬದ ಮೇಲೆ ಸೋಲಾರ್, ಫೋನಿಗೆ ಸಂದೇಶ. ನಮಗೆ ಹೇಳಿದ ಬೆಲೆ 60,000 ದಾಟಿತ್ತು, ಮೇಲೆ ವರ್ಷ ವರ್ಷ ಚಂದಾ. ದ್ರಾಕ್ಷಿ, ದಾಳಿಂಬೆ ಬೆಳೆಯುವ ದೊಡ್ಡ ರೈತರಿಗೆ ಸರಿಹೋಗಬಹುದು. ಒಂದೂವರೆ ಎಕರೆಯವರಿಗೆ ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ.

ನನಗೆ ಹಿಡಿಸಿದ್ದು ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ. ಮಂಡ್ಯದ ವಿ.ಸಿ. ಫಾರಂನ ಕೃಷಿ ಮೇಳಕ್ಕೆ ಹೋದಾಗ ಒಬ್ಬ ರೈತರ ಹತ್ತಿರ ನೋಡಿದೆ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯವರು ರೂಪಿಸಿದ್ದು. ನಮ್ಮ ಹೊಲದ ಕೋ 62175 ಕಬ್ಬಿನ ತಳಿಯ ಹೆಸರಿನಲ್ಲಿರುವ 'ಕೋ' ಕೂಡ ಅದೇ ಕೊಯಮತ್ತೂರು. ಎರಡು ಕಡ್ಡಿಯನ್ನು ಮಣ್ಣಿಗೆ ಚುಚ್ಚಿದರೆ ದೀಪ ಹತ್ತುತ್ತದೆ. ನೀಲಿ ಬಂದರೆ ತೇವ ಬೇಕಾದ್ದಕ್ಕಿಂತ ಜಾಸ್ತಿ, ಹಸಿರು ಬಂದರೆ ಸಾಕಷ್ಟು, ಕಿತ್ತಳೆ ಬಂದರೆ ನೀರು ಕೊಡುವ ಹೊತ್ತು, ಕೆಂಪು ಬಂದರೆ ತಡ ಮಾಡಬೇಡಿ. ಸಿಮ್ ಬೇಡ, ಆಪ್ ಬೇಡ, ಅಕ್ಷರ ಬಾರದವರೂ ಓದಬಹುದು. ಅವರಿಂದ ಎರಡು ದಿನಕ್ಕೆ ಕೇಳಿ ತಂದು ನಮ್ಮ ಕಬ್ಬಿನಲ್ಲಿ ಚುಚ್ಚಿದೆ. ಮೇಲೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ನೀರು ಹಾಯಿಸಲು ಸನಿಕೆ ತೆಗೆದಿದ್ದೆ. ಬುಡದಲ್ಲಿ ಹಸಿರು ದೀಪ. ಎರಡನೇ ಸಾಲು, ಐದನೇ ಸಾಲು, ಎಲ್ಲ ಕಡೆ ಹಸಿರೇ. ಮೇಲಿನ ಬಿರುಕು ನೋಡಿ ಎಷ್ಟು ವರ್ಷ ಸುಮ್ನೆ ನೀರು ಕೊಟ್ಟಿದ್ದೇವೋ ಅನ್ನಿಸಿತು. ಅತ್ತೆ ಪಕ್ಕದಲ್ಲೇ ಕೂತು ಬೆರಳಿಂದ ಗೇಣುದ್ದ ಮಣ್ಣು ಕೆದಕಿ, ಉಂಡೆ ಕಟ್ಟಿ ನೋಡಿದರು. "ಅದ್ಯಾಕೆ ಮಿಷನ್ನು, ಉಂಡೆ ಆಯ್ತದಲ್ಲ" ಅಂದರು. ಸರಿಯಾದ ಮಾತು. ಈಗ ಆ ಯಂತ್ರ ನಮ್ಮ ಹತ್ತಿರ ಇಲ್ಲ. ಅತ್ತೆಯ ಉಂಡೆ ನೋಡಿಯೇ ನೀರು ಬಿಡುತ್ತೇವೆ. ಆ ಸಣ್ಣ ಯಂತ್ರ ಒಂದನ್ನು ಊರಿನ ಸಂಘದಿಂದ ತಂದಿಟ್ಟರೆ ಹತ್ತು ಮನೆಗೆ ಆಗುತ್ತದೆ, ಮುಂದಿನ ಸಭೆಯಲ್ಲಿ ಕೇಳುತ್ತೇನೆ.

ಒಂದು ಆಸೆ ಹೇಳಿಬಿಡುತ್ತೇನೆ. ನೀರನ್ನು ತಾನಾಗಿ ತಡೆದು ತಾನಾಗಿ ಬಿಡುವ ಗೇಟನ್ನು ವಿಶ್ವೇಶ್ವರಯ್ಯನವರು 1903ರಲ್ಲೇ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮಾಡಿ ತೋರಿಸಿದ್ದರು. ಆಮೇಲೆ ನಮ್ಮ ಕನ್ನಂಬಾಡಿ ಕಟ್ಟೆಗೂ ಅದು ಬಂತು. 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ನಾರಾಯಣಪುರ ಎಡದಂಡೆ ನಾಲೆಯ ಗೇಟುಗಳನ್ನು ಕಂಪ್ಯೂಟರ್‌ನಿಂದಲೇ ನಡೆಸುವ ವ್ಯವಸ್ಥೆ ಇದೆ. ವಿಶ್ವೇಶ್ವರಯ್ಯನವರ ಹೆಸರೇ ಹೊತ್ತ ನಮ್ಮ ನಾಲೆಯ ತೂಬು ತೂಬಿಗೂ ಇಂಥದ್ದು ಬರಬೇಕು. ಸರದಿಯಂತೆ ನೀರು ಬಿಡುವ ಕಟ್ಟು ಪದ್ಧತಿಯಲ್ಲಿ ನಮ್ಮ ಸರದಿ ಬಂದ ದಿನವೂ ಕೊನೆ ಭಾಗಕ್ಕೆ ನೀರು ತಲುಪುವ ಭರವಸೆ ಇಲ್ಲ. ಮೇಲಿನವರ ತೂಬು ಹೊತ್ತಿಗೆ ಸರಿಯಾಗಿ ನಿಂತರೆ ತಾನೇ ಕೆಳಗಿನವರ ಸಾಲಿಗೆ ನೀರು? ನೀರಗಂಟಿ ಒಬ್ಬನೇ ರಾತ್ರಿಯೆಲ್ಲ ಎಷ್ಟು ತೂಬು ಕಾಯುತ್ತಾನೆ?

ದುಡ್ಡಿನ ಲೆಕ್ಕ ಕೇಳುವವರಿಗೆ: ಡಬ್ಬಿ, ಕೂಲಿ, ರಿಪೇರಿ, 14 ತಿಂಗಳ ಸಿಮ್ ಎಲ್ಲ ಸೇರಿ 15,300 ರೂಪಾಯಿ ಖರ್ಚಾಗಿದೆ. ಒಂದು ಸಲ ಮೋಟಾರ್ ಸುಟ್ಟ ಖರ್ಚಿಗೆ ಹೆಚ್ಚುಕಮ್ಮಿ ಸಮ. ಹೋದ ಬೇಸಿಗೆಯಲ್ಲಿ ಡಬ್ಬಿ 23 ಸಲ ಡ್ರೈ ರನ್ ಎಂದು ನಿಲ್ಲಿಸಿದ್ದು ಪುಸ್ತಕದಲ್ಲಿದೆ. ಅದರಲ್ಲಿ ಯಾವ ಸಲ ಸುಡುತ್ತಿತ್ತೋ ಯಾರು ಬಲ್ಲರು. ಮತ್ತೆ ಕೊಳ್ಳಬೇಕಾದರೆ ಕೊಳ್ಳುತ್ತೇನೆ, ಆದರೆ 4ಜಿಯದ್ದು, ಮಂಡ್ಯದಲ್ಲೋ ಮದ್ದೂರಲ್ಲೋ ರಿಪೇರಿ ಮಾಡುವವರಿರುವ ಕಂಪನಿಯದ್ದು.

ಮೊನ್ನೆ ಪಕ್ಕದ ಹೊಲದ ಅಣ್ಣ ಬಂದಿದ್ದರು. ಅವರದು ಹೊಸ ಬೋರ್‌ವೆಲ್ ಆಗಿದೆ, ಐದು ಎಚ್‌ಪಿ ಇಳಿಸಿದ್ದಾರೆ. "ನಿಮ್ಮಂಥದ್ದೇ ಡಬ್ಬಿ ನನಗೂ ಹಾಕ್ಸಿಕೊಡವ್ವ" ಅಂದರು. ಹಾಕಿಸೋಣ, ಅದಕ್ಕೂ ಮೊದಲು ನಿಮ್ಮ ಪೈಪಿಗೆ ನಮ್ಮ ಡ್ರಮ್ ಇಟ್ಟು ನೋಡೋಣ ಅಣ್ಣ ಅಂದೆ. ಭಾನುವಾರ ಬೆಳಗ್ಗೆ ಡೇರಿ ಮುಗಿದ ಮೇಲೆ ಬನ್ನಿ ಎಂದು ಹೇಳಿ ಹೋಗಿದ್ದಾರೆ. ಒಂದು ನೋಟ್‌ಬುಕ್ ತೆಗೆದಿಟ್ಟಿದ್ದೇನೆ.